ಎಡಗಣ್ಣಿನ ಸಾಕ್ಷಿ

ಕಾಲುಚೀಲದ ವಿಷಯ ಅಷ್ಟೇನೂ ದೊಡ್ಡದಲ್ಲ ಎಂದು ಮಾಸ್ಟರ್ ತನಗೆ ತಾನೇ ಮೂರನೆಯ ಸಲ ಹೇಳಿಕೊಂಡ. ಮಂಚದ ಅಂಚಿನಲ್ಲಿ ಕೂತು, ಎರಡು ಮಂಡಿಗಳ ಮೇಲೆ ಎರಡು ಕಾಲುಚೀಲ ಹರಡಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದ. ಬಲಗಣ್ಣಿಗೆ ಎರಡೂ ಕಪ್ಪು. ಮೂರು ವಾರದ ಹಿಂದೆ ಪೊರೆ ತೆಗೆಸಿಕೊಂಡ ಎಡಗಣ್ಣಿಗೆ ಒಂದು ಕಪ್ಪು, ಇನ್ನೊಂದು ಅಪ್ಪಟ ಕಡುನೀಲಿ. ಇಪ್ಪತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಕೂತು ಈ ಬಣ್ಣ ಆ ಬಣ್ಣಕ್ಕೆ ಹೊಂದುತ್ತದೆ, ಹೊಂದುವುದಿಲ್ಲ ಎಂದು ತೀರ್ಪು ಕೊಟ್ಟವನು, ಇಡೀ ಗಿರಣಿ ಬೆನ್ನ ಹಿಂದೆಯೂ ಮುಂದೆಯೂ ಹದ್ದುಗಣ್ಣು ಎಂದು ಕರೆಯುತ್ತಿದ್ದವನು, ಈ ಎರಡನ್ನೂ ಜೋಡಿಯೆಂದು ತೊಟ್ಟು ಎಷ್ಟು ದಿನ ಓಡಾಡಿದ್ದನೋ. ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ಬಾಗಿಲಲ್ಲೇ ನಿಂತಿದ್ದಳು. ಇದು ಯಾವಾಗಿನಿಂದ ಹೀಗೆ ಎಂದು ಅವಳನ್ನು ಕೇಳಿದ. "ನಾಲ್ಕೈದು ವರ್ಷ ಆಯ್ತು," ಎಂದಳು ಅವಳು, ಹಾಲು ಮುಗಿದಿದೆ ಎನ್ನುವಷ್ಟೇ ಸಲೀಸಾಗಿ. "ಒಂದ್ಸಲ ಹೇಳಿದೆ. ಬಣ್ಣದ ವಿಷಯ ನನಗೇ ಹೇಳಿಕೊಡ್ತೀಯಾ ಅಂದ್ರಿ. ಆಮೇಲೆ ನನಗ್ಯಾಕೆ ಬೇಕು ಊರ ಉಸಾಬರಿ ಅಂತ ಸುಮ್ಮನಾದೆ."  ಅವಳು ಮಡಚುತ್ತಿದ್ದ ಅವನ ಬಿಳಿ ಅಂಗಿ ಬಿಳಿಯಾಗಿರಲಿಲ್ಲ, ಹಳೆಯ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಅದನ್ನೂ ಅವಳು ಹೇಳಿರಲಿಕ್ಕಿಲ್ಲ, ಅಥವಾ ಹೇಳಿರಬೇಕು.

ಆಸ್ಪತ್ರೆಯಿಂದ ಬಂದಾಗಿನಿಂದ ಅವನಿಗೆ ಇದೇ ಕೆಲಸವಾಗಿತ್ತು. ಗೋಡೆ, ಬಕೆಟ್ಟು, ಕ್ಯಾಲೆಂಡರು, ಎದುರುಮನೆಯ ಗೇಟು, ಯಾವುದು ಕಂಡರೂ ಒಂದು ಕಣ್ಣಿನಿಂದ ನೋಡಿ, ಇನ್ನೊಂದರಿಂದ ನೋಡಿ, ಎರಡು ಕಣ್ಣಿನ ನಡುವೆ ಪಂಚಾಯಿತಿ ಮಾಡುವುದು. ಎಡಗಣ್ಣಿನ ಲೋಕ ಈಗಷ್ಟೇ ತೊಳೆದಿಟ್ಟ ಪಾತ್ರೆಯ ಹಾಗಿತ್ತು. ಬಲಗಣ್ಣಿನದು ಅದೇ ಪಾತ್ರೆ, ಎರಡು ದಿನದ ಚಹಾ ಕುದಿಸಿದ ಮೇಲೆ. ಕಣ್ಣೊಳಗಿನ ಮಸೂರ ವಯಸ್ಸಿಗೆ ಹಳದಿಯಾಗುತ್ತಾ ಕಂದಾಗುತ್ತಾ ಬರುತ್ತದೆ, ನೀಲಿ ಬೆಳಕನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ವಯಸ್ಸಿನಲ್ಲಿ ಅವನ ಮಗಳಷ್ಟಿದ್ದ ಆಕೆ ಮಾತಾಡುವಾಗ ಅವನ ಕಣ್ಣನ್ನು ಬಿಟ್ಟು ಕಾಗದವನ್ನೇ ನೋಡುತ್ತಿದ್ದಳು. ಎಷ್ಟು ವರ್ಷದಿಂದ ಎಂದು ಕೇಳಿದರೆ, ಇದೇನು ಒಂದು ದಿನದ ಕೆಲಸವಲ್ಲ, ಹತ್ತು ವರ್ಷವಾದರೂ ಆಗಿರಬೇಕು ಎಂದಳು. ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದರೆ, ಗೊತ್ತಾಗುವುದಿಲ್ಲ, ಮೆದುಳು ಹೊಂದಿಸಿಕೊಳ್ಳುತ್ತದೆ, ದಿನಾ ಕಾಣುವುದನ್ನೇ ಬಿಳಿ ಎಂದುಕೊಳ್ಳುತ್ತದೆ ಎಂದಳು. ನಿಮ್ಮದು ಕೂತು ಮಾಡುವ ಕೆಲಸವೋ ಓಡಾಡುವ ಕೆಲಸವೋ ಎಂದು ಆಮೇಲೆ ಕೇಳಿದಳು. ಕೂತು ಮಾಡುವುದು ಎಂದ. ಬಣ್ಣ ನೋಡುವ ಕೆಲಸ ಎಂದು ಹೇಳಲು ಬಾಯಿ ಬರಲಿಲ್ಲ. ಬಲಗಣ್ಣಿನ ಆಪರೇಷನ್ ಬರುವ ಸೋಮವಾರ ಎಂದು ಗುರುತು ಹಾಕಿಕೊಟ್ಟಳು. ಅಂದರೆ ಸೋಮವಾರದ ತನಕ ಮಾತ್ರ ಅವನ ಬಳಿ ಎರಡು ಕಣ್ಣುಗಳಿರುತ್ತವೆ, ಆಮೇಲೆ ಎರಡೂ ಒಂದೇ ಮಾತು ಹೇಳುತ್ತವೆ, ಹಳೆಯದನ್ನು ಹೇಗೆ ನೋಡುತ್ತಿದ್ದೆ ಎಂದು ಕೇಳೋಣವೆಂದರೆ ಕೇಳಲು ಯಾರೂ ಇರುವುದಿಲ್ಲ. ಎಷ್ಟು ಆರಾಮ ಎಂದು ಒಂದು ಕ್ಷಣ ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಅವನು ಕಪ್ಪು ಕನ್ನಡಕ ಏರಿಸಿಕೊಂಡು ಗಿರಣಿಯ ದಾರಿ ಹಿಡಿದ.

ಬೆಳಕಿನ ಬಗ್ಗೆ ಮಾಸ್ಟರ್ ಮಾಡುತ್ತಿದ್ದ ಭಾಷಣ ಗಿರಣಿಯಲ್ಲಿ ಹೆಸರುವಾಸಿ. ಹೊಸದಾಗಿ ಸೇರಿದವರನ್ನೆಲ್ಲ ಬಣ್ಣದ ಕೋಣೆಯಲ್ಲಿ ನಿಲ್ಲಿಸಿ, ದೀಪ ಆರಿಸಿ, ಈಗ ನಿಮ್ಮ ಅಂಗಿಯ ಬಣ್ಣ ಯಾವುದು ಎಂದು ಕೇಳುವುದು. ಯಾರಾದರೂ ಕೆಂಪು ಎಂದರೆ ಅವರ ಕಥೆ ಮುಗಿಯಿತು. ಕತ್ತಲೆಯಲ್ಲಿ ಯಾವ ಕೆಂಪಯ್ಯಾ ಎನ್ನುತ್ತಿದ್ದ. ಬಣ್ಣ ಬಟ್ಟೆಯಲ್ಲಿಲ್ಲ. ಬೆಳಕು ಬಂದು ಬೀಳುತ್ತದೆ, ಬಟ್ಟೆ ತನಗೆ ಬೇಕಾದಷ್ಟನ್ನು ನುಂಗುತ್ತದೆ, ಬೇಡದ್ದನ್ನು ಉಗಿಯುತ್ತದೆ, ಆ ಎಂಜಲಿಗೇ ನೀವು ಬಣ್ಣ ಎನ್ನುತ್ತೀರಿ. ಎಲ್ಲ ಬೆಳಕನ್ನೂ ನುಂಗಿ ಏನೂ ಆಗಿಲ್ಲವೆಂಬಂತೆ ಕೂತಿರುವುದು ಕಪ್ಪು, ನಮ್ಮ ಮ್ಯಾನೇಜರ ಹಾಗೆ. ಕತ್ತಲೆ ಎಂಬ ಪದಾರ್ಥವೇ ಇಲ್ಲ, ಅದನ್ನು ಯಾರೂ ಡಬ್ಬಿಯಲ್ಲಿ ಹಿಡಿದು ತಂದಿಲ್ಲ, ಬೆಳಕು ಇನ್ನೂ ಬಂದು ಮುಟ್ಟಿಲ್ಲ ಎಂಬ ಸುದ್ದಿ ಅದು, ಅಷ್ಟೆ. ಇಷ್ಟು ಹೇಳಿ ದೀಪ ಹಾಕಿ, ಎಲ್ಲರ ಮುಖದ ಮೇಲಿನ ಮೆಚ್ಚುಗೆಯನ್ನು ಹದ್ದುಗಣ್ಣಿನಿಂದ ಎಣಿಸಿಕೊಳ್ಳುತ್ತಿದ್ದ. ಈಗ ರಸ್ತೆ ದಾಟುತ್ತಾ, ಲಾರಿಯ ಹಿಂಬದಿಯ ನೀಲಿ ಟಾರ್ಪಾಲು ಎಡಗಣ್ಣಿಗೆ ಚುಚ್ಚಿದ ಹಾಗೆ ಕಂಡಾಗ, ಆ ಭಾಷಣದಲ್ಲಿ ಬೆಳಕನ್ನು ಬೈದಿದ್ದೇನೆ, ಬಟ್ಟೆಯನ್ನು ಬೈದಿದ್ದೇನೆ, ಮಧ್ಯೆ ಕೂತಿದ್ದ ಮೂರನೆಯವನ ಸುದ್ದಿಗೇ ಹೋಗಿಲ್ಲವಲ್ಲ ಎಂದು ಹೊಳೆಯಿತು. ಡಬ್ಬಿಯಲ್ಲಿ ಯಾರೂ ಹಿಡಿದು ತಂದಿಲ್ಲವೆಂದು ತಾನು ಸಾರುತ್ತಿದ್ದ ಕತ್ತಲೆಯನ್ನು, ಬಟಾಣಿ ಕಾಳಿನಷ್ಟು ಕತ್ತಲೆಯನ್ನು, ತಾನೇ ಕಣ್ಣೊಳಗಿಟ್ಟುಕೊಂಡು ದಿನಾ ಕೆಲಸಕ್ಕೆ ತರುತ್ತಿದ್ದ. ಗೇಟಿನ ಕಾವಲುಗಾರ ಎದ್ದು ಸಲಾಮು ಹೊಡೆದು, ಈಗ ಇನ್ನೂ ಚುರುಕಾಗಿರಬೇಕಲ್ಲ ಸಾರ್ ಕಣ್ಣು ಎಂದ. ಮಾಸ್ಟರ್ ಹೌದೆಂದು ತಲೆಯಾಡಿಸಿದ.

ಬಣ್ಣದ ಕೋಣೆಗೆ ಕಿಟಕಿಯಿಲ್ಲ. ಗೋಡೆ, ಮೇಜು, ಬಾಗಿಲು ಎಲ್ಲಕ್ಕೂ ಬೂದು ಬಣ್ಣ, ಒಳಗೆ ಕೂರುವವರಿಗೂ ಬೂದು ಕೋಟು, ಯಾಕೆಂದರೆ ಪಕ್ಕದಲ್ಲಿ ಒಂದು ಕೆಂಪು ಕರವಸ್ತ್ರವಿದ್ದರೂ ಕಣ್ಣು ದಾರಿ ತಪ್ಪುತ್ತದೆ. ಒಳಗೆ ಬಂದವರು ಬಾಗಿಲು ಹಾಕಿ, ಹತ್ತು ನಿಮಿಷ ಮಬ್ಬಿನಲ್ಲಿ ತುಟಿ ಪಿಟಕ್ಕೆನ್ನದೆ ಕೂತು, ಹೊರಗಿನ ಬೆಳಕನ್ನು ಕಣ್ಣು ಮರೆತ ಮೇಲಷ್ಟೇ ಮೇಜಿನ ಮೇಲಿನ ಪೆಟ್ಟಿಗೆಯೊಳಗಿನ, ಹಗಲಿನಂಥ ಬೆಳಕು ಕೊಡುವ ಹಗಲುದೀಪ ಹಾಕಬೇಕು, ಬಟ್ಟೆ ನೋಡಬೇಕು. ಈ ನಿಯಮ ಮಾಡಿದವನೂ ಮಾಸ್ಟರನೇ. ಅವನ ಸಹಾಯಕ, ನಲವತ್ತು ದಾಟಿದ, ಮದುವೆಯ ಮನೆಯಲ್ಲಿ ಊಟಕ್ಕೆ ಕಾಯುವವನಂಥ ಮುಖದ ಮನುಷ್ಯ, ಆಗಲೇ ಕೋಟು ಹಾಕಿಕೊಂಡು ನಿಂತಿದ್ದ. ಅವನಿಗೆ ಗಿರಣಿಯಲ್ಲಿ ಹೂಂ ಎಂದೇ ಹೆಸರು. ಐದು ವರ್ಷದಲ್ಲಿ ಅವನು ಮಾಸ್ಟರಿಗೆ ಊಹೂಂ ಅಂದದ್ದನ್ನು ಕೇಳಿದವರಿಲ್ಲ. ಮೂರು ವಾರ ನೀನೊಬ್ಬನೇ ಹೇಗೆ ನಿಭಾಯಿಸಿದೆ ಎಂದು ಕೇಳಿದರೆ, ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಯೋಚನೆ ಮಾಡಿ ಅದನ್ನೇ ಬರೆದೆ ಎಂದ. ಅಂದರೆ ಮಾಸ್ಟರ್ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಕೊಂಡು ಬಿದ್ದಿದ್ದಾಗಲೂ ಅವನ ಪೊರೆ ಮಾತ್ರ ರಜೆ ಹಾಕದೆ ಡ್ಯೂಟಿಗೆ ಬಂದಿತ್ತು. ಇದು ನಗುವ ವಿಷಯವೆಂದು ಗೊತ್ತಿದ್ದೂ ನಗು ಬರಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ಬಾಗಿಲಲ್ಲಿ ತಲೆ ತೂರಿಸಿ, ನಿವೃತ್ತಿಗೆ ಹನ್ನೊಂದು ದಿನ ಉಳಿಯಿತು, ನಿಮ್ಮ ಕುರ್ಚಿಗೆ ಯಾರೆಂದು ಇವತ್ತು ಸಂಜೆಯೊಳಗೆ ಒಂದು ಹೆಸರು ಬರೆದುಕೊಡಿ, ನಿಮ್ಮ ಮಾತೇ ಅಂತಿಮ ಎಂದು ಹೇಳಿ ಹೋದರು. ಹೂಂ ನೆಲ ನೋಡುತ್ತಾ ನಾಚಿಕೊಂಡ. ಮಾಸ್ಟರ್ ಅವನನ್ನು ಚಹಾ ಕುಡಿದು ಬಾ ಎಂದು ಕಳಿಸಿ, ಬಾಗಿಲು ಹಾಕಿಕೊಂಡ.

ಅವನು ಹುಡುಕುತ್ತಿದ್ದದ್ದು ಆರು ವರ್ಷದ ಹಿಂದಿನ ರಿಜಿಸ್ಟರು. ಮೂರು ವಾರದಿಂದ ಅದನ್ನೇ ಹುಡುಕುತ್ತಿದ್ದ. ಹಾಸಿಗೆಯಲ್ಲಿ ಮಲಗಿ ಬಕೆಟ್ಟಿನ ಬಣ್ಣಕ್ಕೆ ಪಂಚಾಯಿತಿ ಮಾಡುತ್ತಿದ್ದಾಗಲೂ ಹುಡುಕುತ್ತಿದ್ದದ್ದು ಅದನ್ನೇ. ಪ್ರತಿ ಪುಟದಲ್ಲೂ ಎಡಕ್ಕೆ ಎರಡು ಬಟ್ಟೆ ಚೂರು ಅಂಟಿಸಿ, ಬಲಕ್ಕೆ ಮೊದಲು ಸಹಾಯಕರ ಅಭಿಪ್ರಾಯ, ಕೆಳಗೆ ಮಾಸ್ಟರ ತೀರ್ಪು. ಕಪಾಟಿನ ತಳದಲ್ಲಿ, ಬೆಳಕು ತಾಗದ ಕಡೆ ಇತ್ತು. ಬೆಳಕು ಬಣ್ಣವನ್ನು ತಿನ್ನುತ್ತದೆ, ಕತ್ತಲೆ ಕಾಪಾಡುತ್ತದೆ ಎಂದು ಆ ಜಾಗ ಗೊತ್ತು ಮಾಡಿದವನೂ ಅವನೇ. ಹತ್ತು ನಿಮಿಷ ಮಬ್ಬಿನಲ್ಲಿ ಕೂತ. ಕಿವಿಯಲ್ಲಿ ಮಗ್ಗಗಳ ಸದ್ದು. ಕೂತಲ್ಲೇ ಆ ದಿನ ಬಂತು, ಕರೆಯದೆ. ಹೂಂಗಿಂತ ಮೊದಲು ಇಲ್ಲಿ ಒಬ್ಬ ಸಹಾಯಕಿಯಿದ್ದಳು, ಅವಳಿಗೆ ಆಗ ಮೂವತ್ತಿರಬೇಕು, ಬಣ್ಣದ ಕೋಣೆಗೆ ಬಂದು ಎರಡು ವರ್ಷ. ಕಾವಲು ಪಡೆಯೊಂದರ ಸಮವಸ್ತ್ರದ ಬಟ್ಟೆ, ಕೋಟಿನದು ಒಂದು ಬಣ್ಣದ ಹೊಂಡದಲ್ಲಿ ಅದ್ದಿದ್ದು, ಪ್ಯಾಂಟಿನದು ಇನ್ನೊಂದರಲ್ಲಿ. ಅವನು ಎರಡೂ ಒಂದೇ ಎಂದಿದ್ದ. ಅವಳು ಅಲ್ಲ ಸರ್ ಎಂದಿದ್ದಳು. ಮೆಲ್ಲಗೇ ಹೇಳಿದ್ದಳು, ಕೋಣೆಯ ಒಳಗೇ ಹೇಳಿದ್ದಳು. ಅವನು ಅವಳನ್ನು ಕರೆದುಕೊಂಡು ಹೊರಗೆ ಬಂದು, ಬಟ್ಟೆ ಮಡಿಸುವ ಹಾಲಿನಲ್ಲಿ ನಲವತ್ತು ಹೆಂಗಸರು ಸಾಲಾಗಿ ನಿಂತು ಕೆಲಸ ಮಾಡುತ್ತಿದ್ದ ಮೇಜುಗಳ ನಡುವೆ ನಿಲ್ಲಿಸಿ, ಈಯಮ್ಮನಿಗೆ ಎರಡು ಬಣ್ಣ ಕಾಣುತ್ತಂತೆ, ನಿಮಗೆ ಕಾಣುತ್ತಾ ಎಂದು ಕೇಳಿದ್ದ. ಕಡುನೀಲಿಯನ್ನು ಟ್ಯೂಬ್‌ಲೈಟಿನಡಿ ಹಿಡಿದು ಹದಿನೈದು ಅಡಿ ದೂರದಿಂದ ತೋರಿಸಿದರೆ ಯಾರಿಗೆ ಏನು ಕಾಣುತ್ತದೆ. ಕಾಣುವುದಿಲ್ಲ ಎಂದರು ಎಲ್ಲರೂ, ಅವರಿಗೂ ಹೊಟ್ಟೆಪಾಡಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಒಂದು ಸರ್ಟಿಫಿಕೇಟ್ ತಗೊಂಡು ಬಾ, ಆಮೇಲೆ ಮಾತಾಡು ಎಂದ. ಜೋರಾಗಿ ನಗು ಎದ್ದಿತ್ತು. ಮೂರನೆಯ ದಿನ ಅವಳು ನಿಜವಾಗಿಯೂ ಸರ್ಟಿಫಿಕೇಟ್ ತಂದಳು, ಎರಡು ಕಣ್ಣೂ ಸರಿ, ಬಣ್ಣದ ದೃಷ್ಟಿ ಸರಿ ಎಂದು ಮೊಹರು ಹೊಡೆದದ್ದು. ಡಾಕ್ಟರು ನೋಡುವುದು ಕಣ್ಣನ್ನು, ನಾನು ನೋಡುವುದು ನೋಟವನ್ನು ಎಂದು ಅದನ್ನು ಮಡಚಿ ಅಲ್ಲಾಡುತ್ತಿದ್ದ ಮೇಜಿನ ಕಾಲಡಿ ಇಟ್ಟ. ಎಷ್ಟು ಚೆನ್ನಾಗಿ ಹೇಳಿದೆನಲ್ಲ ಎಂದು ಆ ರಾತ್ರಿ ಹೆಂಡತಿಯ ಮುಂದೆಯೂ ಹೇಳಿ ಖುಷಿಪಟ್ಟಿದ್ದ.

ಹಗಲುದೀಪ ಹಾಕಿ ಪುಟ ತೆರೆದ. ಬಲಗಣ್ಣು ಹೇಳಿತು, ಎರಡೂ ಒಂದೇ. ಅದು ನಿಷ್ಠಾವಂತ ಕಣ್ಣು, ಆರು ವರ್ಷದ ಹಿಂದಿನ ತನ್ನ ಮಾತಿಗೆ ಈಗಲೂ ಬದ್ಧವಾಗಿತ್ತು. ಎಡಗಣ್ಣಿನಿಂದ ನೋಡಿದ. ನೋಡಲು ಏನೂ ಕಷ್ಟಪಡಬೇಕಾಗಿರಲಿಲ್ಲ. ಮೊದಲ ಚೂರು ಚೊಕ್ಕ ಕಡುನೀಲಿ, ಎರಡನೆಯದು ಕಪ್ಪಿಗೆ ನೀಲಿಯ ವಾಸನೆ ತೋರಿಸಿದಂತಿತ್ತು. ಅಂಗಡಿಯಲ್ಲಿ ಅರಿವೆ ಕೊಳ್ಳುವ ಯಾರೂ ಇವನ್ನು ಒಂದೇ ಎನ್ನುತ್ತಿರಲಿಲ್ಲ. ಬಲಕ್ಕೆ ಸಹಾಯಕರ ಜಾಗದಲ್ಲಿ ಅವನೇ ತನ್ನ ಕಪ್ಪು ಪೆನ್ನಿನಿಂದ ಗೀಚಿ ಗೀಚಿ ಹೊಡೆದುಹಾಕಿದ್ದ ಒಂದು ಸಾಲಿತ್ತು. ಬಲಗಣ್ಣಿಗೆ ಅದು ಬರೀ ಕಪ್ಪು ಕಲೆ, ಅಲ್ಲಿ ಯಾರೂ ಏನೂ ಬರೆದೇ ಇರಲಿಲ್ಲ. ಎಡಗಣ್ಣಿಗೆ ಆ ಕಪ್ಪಿನ ಗೀಟುಗಳ ಅಡಿಯಿಂದ ಅವಳ ನೀಲಿ ಶಾಯಿಯ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು, ದುಂಡಗೆ, ಸ್ಕೂಲಿನ ಕಾಪಿ ಪುಸ್ತಕದಲ್ಲಿ ಬರೆದಂತೆ. ಹೊಂದುವುದಿಲ್ಲ. ಎರಡನೆಯದರಲ್ಲಿ ನೀಲಿ ಕಡಿಮೆ. ಅವನು ಬಲಗಣ್ಣು ಮುಚ್ಚಿದ, ತೆರೆದ, ಮುಚ್ಚಿದ. ಬರುವ ಸೋಮವಾರ ಈ ಹಳೆಯ ಕಣ್ಣೂ ಹೊರಟು ಹೋಗುತ್ತದೆ ಎಂಬುದು ಈಗ ಅಷ್ಟು ಆರಾಮವೆನ್ನಿಸಲಿಲ್ಲ.

ಕಥೆ ಅಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ಸಂಭಾಳಿಸಿಕೊಳ್ಳುತ್ತಿದ್ದ. ಕಣ್ಣು ಮೋಸ ಮಾಡಿತು, ಕಣ್ಣಿನ ತಪ್ಪಿಗೆ ಮನುಷ್ಯನೇನು ಮಾಡುತ್ತಾನೆ ಎಂದು ಡಾಕ್ಟರ ಮೇಲೆ, ವಯಸ್ಸಿನ ಮೇಲೆ, ಬೆಳಕಿನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಿದ್ದ. ಆದರೆ ಅವಳನ್ನು ಬಟ್ಟೆ ಮಡಿಸುವ ಹಾಲಿಗೆ ವರ್ಗ ಮಾಡಿಸಿದ ಎರಡು ತಿಂಗಳಿಗೆ ದೂರು ಬಂತು. ಕಾವಲುಗಾರರು ಸಾಲಾಗಿ ನಿಂತರೆ ಕೋಟು ಒಂದು ಬಣ್ಣ, ಪ್ಯಾಂಟು ಒಂದು ಬಣ್ಣ ಎಂದು ಫೋಟೋ ಸಮೇತ. ವಿವರಣೆ ಕೊಡಿ ಎಂದು ಮೇಲಿನವರು ಕೇಳಿದಾಗ ಮಾಸ್ಟರ್ ಈ ರಿಜಿಸ್ಟರನ್ನು ತೆರೆದು ನೋಡಲಿಲ್ಲ. ಅದು ಕಣ್ಣಿನ ತಪ್ಪಲ್ಲ, ಕಣ್ಣಿಗೆ ಅಲ್ಲಿ ಯಾರೂ ಕೆಲಸವನ್ನೇ ಕೊಡಲಿಲ್ಲ. ಮಡಿಸುವವರು ಬೇರೆ ಬೇರೆ ಹೊಂಡದ ಬಟ್ಟೆಯನ್ನು ಬೆರೆಸಿಬಿಟ್ಟಿದ್ದಾರೆ ಎಂದು ಒಂದೇ ಸಾಲು ಬರೆದ, ನೆಟ್ಟಗೆ, ಒಂದು ಅಕ್ಷರವನ್ನೂ ಹೊಡೆದುಹಾಕದೆ. ಆ ಬಟ್ಟೆಯ ಥಾನುಗಳನ್ನು ಮಡಿಸಿದ ಮೇಜು ಯಾವುದೆಂದು ಹುಡುಕಿದರೆ ಅದು ಅವಳದಾಗಿತ್ತು. ಅಜಾಗರೂಕತೆಗೆ ಎಚ್ಚರಿಕೆ ಪತ್ರ ಹೋಯಿತು, ಅದರ ನಕಲು ಅವಳ ಫೈಲಿನಲ್ಲಿದೆ. ಅವಳು ಬಂದು ಜಗಳ ಮಾಡುತ್ತಾಳೆಂದು ನಾಲ್ಕು ದಿನ ಕಾದ, ಉತ್ತರವನ್ನೂ ತಯಾರು ಮಾಡಿಟ್ಟುಕೊಂಡಿದ್ದ. ಅವಳು ಬರಲಿಲ್ಲ. ಅವಳು ಬಂದಿದ್ದರೆ ತಪ್ಪು ತನ್ನದೇ ಎಂದು ತನಗೆ ಆಗಲೇ ಗೊತ್ತಿತ್ತೆಂಬುದು ತನಗೂ ಗೊತ್ತಾಗಿಬಿಡುತ್ತಿತ್ತು. ಆರು ವರ್ಷದಿಂದ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಅವಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ, ಅವನು ಅದನ್ನು ಮರ್ಯಾದೆ ಎಂದು ಸ್ವೀಕರಿಸುತ್ತಾನೆ.

ಹೇಳಿ ಕಳಿಸಿದಾಗ ಅವಳು ತಕ್ಷಣ ಬಂದಳು. ಸೊಂಟಕ್ಕೆ ಸಿಕ್ಕಿಸಿದ ಅಳತೆಯ ಟೇಪು, ಬೆರಳ ತುದಿಗಳಿಗೆ ಸುತ್ತಿದ ಪಟ್ಟಿ, ಗಂಜಿ ಹಾಕಿದ ಬಟ್ಟೆಯ ಅಂಚು ದಿನವಿಡೀ ಉಜ್ಜಿ ಉಜ್ಜಿ ಚರ್ಮ ಸೀಳುತ್ತದಂತೆ, ಅದನ್ನು ಅವನು ಇವತ್ತೇ ನೋಡುತ್ತಿದ್ದ. ಕೂರಮ್ಮಾ ಎಂದ. ಅವಳು ಕೂರುವ ಮೊದಲು ತಾನಾಗಿಯೇ ಬಾಗಿಲು ಹಾಕಿ, ಮೊಳೆಗೆ ತೂಗುಹಾಕಿದ್ದ ಬೂದು ಕೋಟು ತೆಗೆದು ತೊಟ್ಟುಕೊಂಡಳು. ಕೈ ಮರೆತಿರಲಿಲ್ಲ. ಹತ್ತು ನಿಮಿಷ ಇಬ್ಬರೂ ಮಬ್ಬಿನಲ್ಲಿ ಕೂತರು. ಮಾತಾಡಬಾರದೆಂಬ ನಿಯಮ ಮಾಡಿದ್ದಕ್ಕೆ ಮಾಸ್ಟರ್ ಜೀವನದಲ್ಲಿ ಮೊದಲ ಸಲ ತನಗೇ ಕೃತಜ್ಞನಾದ. ಈ ಹತ್ತು ನಿಮಿಷದಲ್ಲಿ ಅವನು ಏನೇನು ಹೇಳಬೇಕೆಂದು ಜೋಡಿಸಿಕೊಂಡ, ಅದರಲ್ಲಿ ಕಣ್ಣಿನ ಮಸೂರ ಬಹಳ ದೊಡ್ಡ ಜಾಗ ಹಿಡಿಯಿತು, ವಿವರಣೆ ಬರೆದ ವಿಷಯ ಎಲ್ಲೂ ಕೂರಲಿಲ್ಲ. ದೀಪ ಹಾಕಿ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ, ಹೊಡೆದುಹಾಕಿದ ಸಾಲಿನ ಮೇಲೆ ಅಂಗೈ ಇಟ್ಟು ಮುಚ್ಚಿ, ಏನು ಕಾಣುತ್ತೆ ಎಂದು ಕೇಳಿದ. ಅವಳು ನೋಡಿದಳು. ಒಂದೇ ಒಂದು ಸಲ, ಅರೆಗಳಿಗೆ.

"ಎರಡೂ ಒಂದೇ ಸರ್."

"ಸರಿಯಾಗಿ ನೋಡಮ್ಮ."

"ನೀವೇ ಒಂದೇ ಅಂದಿದ್ರಲ್ಲ ಸರ್. ಆವತ್ತಿಂದ ನಂಗೂ ಒಂದೇ ಥರ ಕಾಣುತ್ತೆ."

ಅವನಿಗೆ ಸಿಟ್ಟು ಬಂತು. ನ್ಯಾಯ ಕೊಡಲೆಂದು ಕೂತವನಿಗೆ ತಗೊಳ್ಳುವವರು ಕೈ ಚಾಚದಿದ್ದರೆ ಬರುವಂಥ ಸಿಟ್ಟು. ಅವಳ ಹೆಸರನ್ನೇ ಕುರ್ಚಿಗೆ ಬರೆದುಕೊಡುವವನಿದ್ದೇನೆ ಎಂದ, ಕಣ್ಣಿನ ಆಪರೇಷನ್ನಿನ ವಿಷಯ ಹೇಳಿದ, ಮಸೂರ, ಹಳದಿ, ಬಾಗಿಲಲ್ಲೇ ನಿಂತ ನೀಲಿ ಬೆಳಕು, ಎಲ್ಲ ಹೇಳಿದ. ಭಾಷಣ ಚೆನ್ನಾಗಿಯೇ ಬಂತು. ನೀನು ಆವತ್ತು ಹೇಳಿದ್ದೇ ಸರಿ, ನನಗೀಗ ಕಾಣುತ್ತಿದೆ ಎಂದು ಮುಗಿಸಿದ. ಅವಳು ಕೋಟು ಬಿಚ್ಚಿ, ಮಡಿಸುವವರು ಮಡಿಸುವಂತೆ ತೋಳಿಗೆ ತೋಳು ಸೇರಿಸಿ ಮಡಿಸಿ, ಮೇಜಿನ ಮೇಲಿಟ್ಟಳು.

"ಸರ್, ಆವತ್ತು ನೀವು ಹೇಳಿದ್ದು ಹೊರಗೆ, ಅಷ್ಟೂ ಜನದ ಮುಂದೆ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಬಟ್ಟೆ ಅಳೆಯುವಾಗಿನ ದನಿ. "ಈವತ್ತು ಕೇಳ್ತಿರೋದು ಬಾಗಿಲು ಹಾಕ್ಕೊಂಡು. ಇಲ್ಲಿ ನಂಗೆ ಎರಡೂ ಒಂದೇ." ಬಾಗಿಲು ತೆಗೆದು ಹೋದಳು. ಬೆಳಕು ಒಳಗೆ ಬಿದ್ದು ಹಗಲುದೀಪದ ಬೆಳಕಿನ ಜೊತೆ ಬೆರೆಯಿತು. ನಿಯಮದ ಪ್ರಕಾರ ಆ ಹೊತ್ತಿನ ಪರೀಕ್ಷೆ ಅಲ್ಲಿಗೆ ರದ್ದಾಯಿತು.

ಮಾಸ್ಟರ್ ಕೂತ. ಹೆಸರು ಬರೆಯುವುದಕ್ಕೇನು, ಈ ಕ್ಷಣವೇ ಬರೆಯಬಹುದು. ಅವಳ ಹೆಸರು ಬರೆದು, ಲಕೋಟೆ ಅಂಟಿಸಿ, ಮ್ಯಾನೇಜರ ಮೇಜಿನ ಮೇಲಿಟ್ಟು, ದೊಡ್ಡ ಮನಸ್ಸಿನವನೆನ್ನಿಸಿಕೊಂಡು, ಹನ್ನೊಂದು ದಿನಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಹದ್ದುಗಣ್ಣು ಕೊನೆಯ ದಿನವೂ ಎಂಥ ಪ್ರತಿಭೆಯನ್ನು ಗುರುತಿಸಿತು ನೋಡಿ ಎಂದು ಮ್ಯಾನೇಜರು ಭಾಷಣದಲ್ಲಿ ಹೇಳಬಹುದು, ಹೇಳಿಯೇ ಹೇಳುತ್ತಾರೆ. ಫೈಲಿನಲ್ಲಿ ಎಚ್ಚರಿಕೆ ಪತ್ರ ಕತ್ತಲೆಯಲ್ಲಿ ಬಣ್ಣ ಮಾಸದೆ ಇರುತ್ತದೆ. ಕುರ್ಚಿಯಲ್ಲಿ ಕೂತವಳನ್ನು ಜನ ಅಜಾಗರೂಕಳೆಂದೇ ನೋಡುತ್ತಾರೆ, ಮಾಸ್ಟರ ದಯೆಯಿಂದ ಬಂದವಳೆಂದು ಸೇರಿಸಿಕೊಳ್ಳುತ್ತಾರೆ. ಅವನಿಗೆ ಕಾಲುಚೀಲ ನೆನಪಾಯಿತು. ನಾಲ್ಕೈದು ವರ್ಷ ಎಷ್ಟು ಜನ ನೋಡಿರಬೇಕು, ಈ ಹಾಲಿನಲ್ಲೇ ಎಷ್ಟು ಜನ, ತಲೆ ತಗ್ಗಿಸಿ ಕೆಲಸ ಮಾಡುವವರಿಗೆ ಮೊದಲು ಕಾಣುವುದೇ ಕಾಲು. ಹೂಂ ಚಹಾ ಕುಡಿದು ಬಂದು ಬಾಗಿಲಲ್ಲಿ ನಿಂತಿದ್ದ. ನನ್ನ ಕಾಲುಚೀಲ ಜೋಡಿ ತಪ್ಪಿರುತ್ತಿದ್ದದ್ದು ನಿನಗೆ ಗೊತ್ತಿತ್ತೇನಯ್ಯಾ ಎಂದು ಕೇಳಿದ. ಹೂಂ "ಹೂಂ" ಅಂದ. ಐದು ವರ್ಷದಲ್ಲಿ ಅವನು ಅಂದ ಮೊದಲ ನಿಜವಾದ ಹೂಂ ಅದಾಗಿತ್ತು.

ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಮಾಸ್ಟರ್ ಹಾಲಿಗೆ ಬಂದಾಗ ಮಧ್ಯಾಹ್ನದ ಗಂಟೆಗೆ ಇನ್ನೂ ಕಾಲು ತಾಸಿತ್ತು. ಸಾಲು ಟ್ಯೂಬ್‌ಲೈಟುಗಳ ಕೆಳಗೆ ಅವೇ ಮೇಜುಗಳು, ನಲವತ್ತು ಜೊತೆ ಕೈಗಳು. ಕಣ್ಣಲ್ಲಿ ನೀರು ಬರುತ್ತಿತ್ತು, ಆಪರೇಷನ್ ಆದ ಕಣ್ಣು ಹಾಗೆಯೇ ಎಂದು ಡಾಕ್ಟರು ಹೇಳಿದ್ದಾರೆ. ಆರು ವರ್ಷದ ಹಿಂದೆ ಎಲ್ಲಿ ನಿಂತಿದ್ದೆನೆಂದು ನೆನಪು ಮಾಡಿಕೊಂಡು ಅಲ್ಲೇ ನಿಂತು, ಸ್ವಲ್ಪ ಎಲ್ಲರೂ ಇಲ್ಲಿ ಕೇಳಿ ಎಂದ. ಕೈಗಳು ನಿಂತವು. ಮೂರನೆಯ ಸಾಲಿನಲ್ಲಿ ಅವಳ ಕೈ ಮಾತ್ರ ನಿಲ್ಲಲಿಲ್ಲ. ಪುಟ ತೆರೆದ. ಬೆಳಕು ಕೆಟ್ಟದಾಗಿತ್ತು, ಎರಡು ಕಣ್ಣೂ ಸೇರಿ ಅಕ್ಷರಗಳನ್ನು ಕಲಸಿಬಿಟ್ಟವು, ಬಲಗಣ್ಣು ತನ್ನ ಕಪ್ಪು ಕಲೆಯನ್ನೇ ಮುಂದೆ ತಂದು ಹಿಡಿಯಿತು. ಬಲಗಣ್ಣು ಮುಚ್ಚದೆ ಗತಿಯಿರಲಿಲ್ಲ. ಮುಚ್ಚಿದ. ಮುಂದಿನ ಮೇಜಿನ ಹುಡುಗಿಗೆ ಹದ್ದುಗಣ್ಣು ತನಗೇ ಕಣ್ಣು ಹೊಡೆದಂತೆ ಕಂಡಿರಬೇಕು, ಅವಳು ಕಿಸಕ್ಕೆಂದಳು, ಪಕ್ಕದವಳಿಗೆ ಹಬ್ಬಿತು, ಒಂದು ಸಾಲು ಪೂರ್ತಿ ಬಾಯಿಗೆ ಸೆರಗು ಒತ್ತಿಕೊಂಡಿತು. ಈ ನಗು ಅವನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಇಲ್ಲೇ ನಿಂತು ಅದನ್ನು ಇನ್ನೊಬ್ಬಳಿಗೆ ಕೊಡಿಸಿದ್ದ, ಅದರ ತೂಕ ಇಷ್ಟಿರುತ್ತದೆಂದು ಆಗ ತಿಳಿದಿರಲಿಲ್ಲ. ಕಣ್ಣು ತೆರೆಯಲಿಲ್ಲ. "ಹೊಂದುವುದಿಲ್ಲ. ಎರಡನೆಯದರಲ್ಲಿ ನೀಲಿ ಕಡಿಮೆ," ಎಂದು ಓದಿದ. "ಇದನ್ನ ಬರೆದೋಳು ಮೂರನೇ ಸಾಲಿನಲ್ಲಿರೋ ಅವಳು. ಹೊಡೆದು ಹಾಕಿದೋನು ನಾನು. ಆಮೇಲೆ ದೂರು ಬಂದಾಗ, ಮಡಿಸೋರು ಬೆರೆಸಿದ್ರು ಅಂತ ಸುಳ್ಳು ಬರೆದೋನೂ ನಾನೇ." ನಗು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ ಎಂದು, ಒಂದು ಕಣ್ಣು ಮುಚ್ಚಿಕೊಂಡೇ, ಇನ್ನೊಂದು ಸಲ ಮೊದಲಿನಿಂದ ಗಟ್ಟಿಯಾಗಿ ಓದಿದ. ಮೂರನೆಯ ಸಾಲಿನಲ್ಲಿ ಅರ್ಧ ಮಡಿಸಿದ ಥಾನಿನ ಮೇಲೆ ಅವಳ ಕೈ ನಿಂತಿತು.